ಮುಂದಿನ ಸಾಲಿನ ಅಣ್ಣಂದಿರು

ವೇ ಚಿಂಗ್-ಚೋ ಕ್ಷೌರಕ್ಕೂ ಪಂಚಾಂಗ ನೋಡುವ ಮನುಷ್ಯ. ಹೊಸ ಬೂಟು ಕೊಂಡರೆ ಒಳ್ಳೆಯ ದಿನ ಬರುವ ತನಕ ಅದು ಡಬ್ಬದಲ್ಲೇ ಕೂತಿರುತ್ತಿತ್ತು. ಅಂಥವನು ಇಡೀ ಬದುಕಿನಲ್ಲಿ ಒಂದೇ ಒಂದು ಕಾಗದಕ್ಕೆ ಪಂಚಾಂಗ ತೆರೆಯದೆ ಸಹಿ ಹಾಕಿದ. ಅದು ನಮ್ಮ ಚಾನೆಲ್ಲಿನ ಕಾಗದ.

ತೊಂಬತ್ತಮೂರನೆಯ ಇಸವಿ. ಮೂರು ಹಳೆಯ ಚಾನೆಲ್ಲುಗಳು ತೋರಿಸಿದ್ದೇ ಟೀವಿ ಎಂದು ನಂಬಿದ್ದ ತೈಪೆಯ ಜನ ಮನೆಮನೆಯ ತಾರಸಿಯ ಮೇಲೆ ಡಿಶ್ ಕೂರಿಸಿಕೊಳ್ಳುತ್ತಿದ್ದ ಕಾಲ. ಅದಕ್ಕೆ ನಾವು ‘ಕಿವಿ’ ಎನ್ನುತ್ತಿದ್ದೆವು. ಹಾಂಕಾಂಗಿನಿಂದ ಮೇಲೆ ಕಳಿಸಿದ ಚಿತ್ರ ಉಪಗ್ರಹಕ್ಕೆ ತಾಕಿ ಬ್ಯಾಂಕಾಕ್, ರಂಗೂನ್, ಮನಿಲಾ ಎಲ್ಲೆಲ್ಲಿ ಕಿವಿಗಳಿವೆಯೋ ಅಲ್ಲೆಲ್ಲ ಇಳಿಯುತ್ತಿತ್ತು. ಆ ಉಪಗ್ರಹದಲ್ಲಿ ನಮ್ಮ ಚಾನೆಲ್ಲಿನ ಯಜಮಾನ ವೇ ನಮಗೊಂದು ಜಾಗ ಹಿಡಿದಿದ್ದ. ಇಡೀ ದಿನ ಮ್ಯಾಂಡರಿನ್ ಚೀನೀ ಮಾತಿನಲ್ಲಿ ಹಾಡು, ಹರಟೆ, ನಗು. ಸುದ್ದಿಯಿಲ್ಲ, ಭಾಷಣವಿಲ್ಲ, ಉಪದೇಶ ಮೊದಲೇ ಇಲ್ಲ.

ನಮ್ಮ ಆಫೀಸು ನೂಡಲ್ ಅಂಗಡಿಯ ಮೇಲಿನ ಐದನೆಯ ಮಹಡಿಯಲ್ಲಿತ್ತು. ಮಧ್ಯಾಹ್ನವಾದರೆ ಎಡಿಟಿಂಗ್ ಕೋಣೆಯ ತುಂಬ ಸಾರಿನ ವಾಸನೆ. ಗೋಡೆಯ ಮೇಲೆ ಏಷ್ಯಾದ ದೊಡ್ಡ ನಕ್ಷೆ, ಅದರ ಮೇಲೆ ಕೆಂಪು ಗೆರೆ. ಗೆರೆಯ ಒಳಗಿದ್ದ ಊರುಗಳಿಗೆ ನಾವು ಕಾಣುತ್ತೇವೆ, ಹೊರಗಿದ್ದವಕ್ಕೆ ಇಲ್ಲ. ಹಳೆಯ ಚಾನೆಲ್ಲೊಂದರಲ್ಲಿ ಹನ್ನೆರಡು ವರ್ಷ ದುಡಿದು, ಮೇಲಿನವರಿಗೆ ಮುಖಕ್ಕೆ ಹೊಡೆದ ಹಾಗೆ ರಾಜೀನಾಮೆ ಕೊಟ್ಟು ಬಂದವಳು ನಾನು, ಚ್ಯೆನ್ ಬೀ-ಶ್ಯಾ, ಕಾರ್ಯಕ್ರಮಗಳ ಮುಖ್ಯಸ್ಥೆ. ನನ್ನ ಮಾತು ನಂಬಿ ಇನ್ನೂ ಹನ್ನೊಂದು ಜನ ಕೆಲಸ ಬಿಟ್ಟು ಬಂದಿದ್ದರು. ಅವರಲ್ಲಿ ಮೂವರಿಗೆ ಆ ವರ್ಷವೇ ಮಕ್ಕಳಾಗಿದ್ದವು.

ಆಗಸ್ಟ್ ಒಂಬತ್ತರಂದು ಅಮ್ಮನಿಗೆ ಫೋನ್ ಮಾಡಿ, ಸೆಪ್ಟೆಂಬರ್ ಒಂದಕ್ಕೆ ನಮ್ಮ ಚಾನೆಲ್ ಶುರು ಎಂದೆ. ಅಮ್ಮ ಕೀಲುಂಗ್ ಬಂದರಿನಲ್ಲಿ ಒಬ್ಬಳೇ ಇದ್ದಳು. ಆ ಕಡೆಯಿಂದ ನಗು ಕೇಳಿಸಿತು.

"ಸೆಪ್ಟೆಂಬರ್ ಒಂದಾ? ಏ ಬೀ, ಅವತ್ತು ಏಳನೇ ತಿಂಗಳ ಹುಣ್ಣಿಮೆ ಕಣೇ!"

"ಇರಲಿಕ್ಕಿಲ್ಲಮ್ಮ. ಹೋದ ವರ್ಷ ಆಗಸ್ಟಲ್ಲೇ ಎಲ್ಲ ಮುಗ್ದಿತ್ತಲ್ಲ?"

"ಹೋದ ವರ್ಷದ್ದು ಹೋದ ವರ್ಷಕ್ಕಾಯ್ತು. ಈ ಸಲ ಮೂರನೇ ತಿಂಗಳು ಎರಡೆರಡು ಸಲ ಬಂತಲ್ಲ, ಅಧಿಕ ಮಾಸ. ಎಲ್ಲಾ ಮುಂದಕ್ಕೆ ಹೋಯ್ತು. ನಿಮ್ಮ ಆಫೀಸಲ್ಲಿ ಒಬ್ಬರ ಹತ್ರಾನೂ ಪಂಚಾಂಗ ಇಲ್ವಾ?"

ಇತ್ತು. ವೇನ ಮೇಜಿನ ಎಡಗಡೆಯ ಡ್ರಾಯರಿನಲ್ಲಿ ಇತ್ತು. ನಾನು ಹೇಳಿದ ತಕ್ಷಣ ಅವನು ಅದನ್ನು ತೆಗೆದು ಬೆರಳಿಗೆ ಉಗುಳು ಹಚ್ಚಿಕೊಂಡು ಹಾಳೆ ತಿರುವಿದ. ಸಿಗರೇಟು ಬಾಯಿಂದ ಮಡಿಲಿಗೆ ಬಿತ್ತು. "ಅಧಿಕ ಮಾಸ!" ಎಂದು ಹಣೆ ಚಚ್ಚಿಕೊಂಡ. "ಲೆಕ್ಕ ಹಾಕಿದ್ದೆ ಬೀ-ಶ್ಯಾ, ಮನಸ್ಸಲ್ಲೇ ಹಾಕಿದ್ದೆ. ಅಧಿಕ ಮಾಸ ಮರೆತುಬಿಟ್ಟೆ!"

ಏಳನೆಯ ತಿಂಗಳಲ್ಲಿ ಕೆಳಲೋಕದ ಬಾಗಿಲು ತೆರೆಯುತ್ತದೆ. ಹಿಡಿ ಅನ್ನವಿಡುವವರು ಯಾರೂ ಉಳಿಯದ ಸತ್ತವರೆಲ್ಲ ಮೇಲೆ ಬಂದು ಒಂದು ತಿಂಗಳು ನಮ್ಮ ನಡುವೆ ತಿರುಗುತ್ತಾರೆ. ಅವರನ್ನು ಅವರ ನಿಜವಾದ ಹೆಸರಿನಿಂದ ಯಾರೂ ಕರೆಯುವುದಿಲ್ಲ, ಅಣ್ಣಂದಿರು ಎನ್ನುತ್ತೇವೆ. ಆ ತಿಂಗಳು ಮದುವೆಯಿಲ್ಲ, ಹೊಸ ಮನೆಗೆ ಹೋಗುವುದಿಲ್ಲ, ಅಂಗಡಿ ತೆರೆಯುವುದಿಲ್ಲ. ಹುಣ್ಣಿಮೆಯ ದಿನವಂತೂ ಹೊಸ ಪೊರಕೆಯಿಂದ ಯಾರೂ ಕಸ ಗುಡಿಸುವುದಿಲ್ಲ. ಅಂಥ ದಿನ ನಾವು ಹೊಸ ಚಾನೆಲ್ ಶುರು ಮಾಡಲು ಹೊರಟಿದ್ದೆವು.

ವೇ ಹಾಂಕಾಂಗಿಗೆ ಫೋನ್ ಹಚ್ಚಿ ಎರಡು ವಾರ ಮುಂದೂಡಿ ಎಂದು ಬೇಡಿಕೊಂಡ. ಉಪಗ್ರಹ ನೋಡಿಕೊಳ್ಳುತ್ತಿದ್ದ ವಿದೇಶಿ ಎಂಜಿನಿಯರ್ ಒಳ್ಳೆಯ ಮಾತಿನಲ್ಲೇ ಆಗುವುದಿಲ್ಲ ಎಂದ. ಸೆಪ್ಟೆಂಬರ್ ಒಂದು, ಸಂಜೆ ಏಳರಿಂದ ಒಂಬತ್ತು, ಎರಡು ಗಂಟೆ ಕಾಲ ನಮ್ಮದೇ ಹೊಸ ಕಾರ್ಯಕ್ರಮ ಮೇಲೆ ಹೋಗಬೇಕು. ಹಳೆಯ ಸಿನಿಮಾ ಹಾಕುವಂತಿಲ್ಲ. ತಪ್ಪಿದರೆ ನಮ್ಮ ಜಾಗ ಸಾಲಿನಲ್ಲಿ ನಿಂತಿರುವ ಮುಂದಿನವರಿಗೆ. ಅವರ ಪಂಚಾಂಗದಲ್ಲಿ ಅಣ್ಣಂದಿರಿರಲಿಲ್ಲ.

ಮಾರನೆಯ ದಿನದಿಂದ ಕಲಾವಿದರು ಒಬ್ಬೊಬ್ಬರಾಗಿ ಜಾರಿಕೊಂಡರು. ಮೊದಲ ಹಾಡು ಹಾಡಬೇಕಿದ್ದ ಹೆಸರಾಂತ ಗಾಯಕಿಯ ಮ್ಯಾನೇಜರ್ ಫೋನ್ ಮಾಡಿ, "ಅವತ್ತು ಮೇಡಮ್ಮಿಗೆ ಗಂಟಲು ಕೆಡುತ್ತೆ" ಎಂದ.

"ಇನ್ನೂ ಮೂರು ವಾರ ಇದೆಯಲ್ರೀ?"

"ಅದಕ್ಕೇ ಈಗಲೇ ಹೇಳ್ತಿದ್ದೀನಿ. ನಿಮಗೂ ಅನುಕೂಲ ಆಗ್ಲಿ ಅಂತ."

ಜಾದೂಗಾರನ ಹೆಂಡತಿ ಬಸುರಿಯಂತೆ. ಹಾಸ್ಯದ ಜೋಡಿಯೊಂದು ಮಾತ್ರ ನಿಜ ಹೇಳಿತು: "ನಗಿಸೋಕೆ ನಾವು ರೆಡಿ ಅಕ್ಕ. ಆದ್ರೆ ಅವತ್ತು ನಗ್ತಿರೋರು ಯಾರು ಅಂತ ಗೊತ್ತಾಗಲ್ವಲ್ಲ, ಅದೇ ಭಯ."

ವೇ ತಲೆಯ ಮೇಲೆ ಕೈ ಹೊತ್ತು ಕೂತ. ನಮ್ಮ ಹನ್ನೊಂದು ಜನ ನನ್ನ ಮುಖ ನೋಡುವುದನ್ನೇ ಬಿಟ್ಟರು. ಅದು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಆಗ ಹೊಳೆಯಿತು. ಹೊಳೆಯಿತು ಎನ್ನುವುದು ಸುಳ್ಳು, ಮೊದಲ ದಿನದಿಂದಲೇ ಗೊತ್ತಿತ್ತು, ಒಪ್ಪಿಕೊಳ್ಳಲು ನಾಚಿಕೆಯಾಗಿತ್ತು. ಎಲ್ಲರ ಕೆಲಸ ನಿಲ್ಲುವ ಏಳನೆಯ ತಿಂಗಳಲ್ಲಿ ಒಂದು ಕಸುಬಿನವರಿಗೆ ಮಾತ್ರ ಉಸಿರಾಡಲು ಬಿಡುವಿರುವುದಿಲ್ಲ. ಅಣ್ಣಂದಿರಿಗೆ ಊಟ ಬಡಿಸಿದರೆ ಸಾಕೇ, ಮನರಂಜನೆ ಬೇಡವೇ? ಗುಡಿಗುಡಿಯ ಅಂಗಳದಲ್ಲಿ ಲಾರಿ ನಿಲ್ಲಿಸಿ, ಅದರ ಪಕ್ಕೆ ಬಿಚ್ಚಿ ವೇದಿಕೆ ಮಾಡಿ, ಮಿರಮಿರ ಮಿಂಚುವ ಗೌನು ತೊಟ್ಟು ಹಾಡುವವರು ಅವರು. ನನ್ನ ಅಮ್ಮ ಸೋ-ಗೆಕ್ ಅವರಲ್ಲೊಬ್ಬಳು. ಹಳೆಯ ಆಫೀಸಿನಲ್ಲಿ ಹನ್ನೆರಡು ವರ್ಷ, ಇಲ್ಲಿ ಎಂಟು ತಿಂಗಳು ನಾನು ಎಲ್ಲರಿಗೂ ಹೇಳಿದ್ದು ಒಂದೇ: ನನ್ನಮ್ಮ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ.

ನಾನು ಕೀಲುಂಗಿನ ಮನೆ ಮುಟ್ಟಿದಾಗ ಅಮ್ಮ ಕಿಟಕಿಯ ಬಳಿ ಗೌನಿಗೆ ಮಿಣುಕು ಬಿಲ್ಲೆ ಹೊಲಿಯುತ್ತಿದ್ದಳು. ಕೆಳಗೆ ಹಡಗುಗಳ ಕೂಗು. ನಾನು ಕೂತು ಎಲ್ಲ ಹೇಳಿದೆ. ಅವಳು ಸೂಜಿಯಿಂದ ಕಣ್ಣು ತೆಗೆಯಲಿಲ್ಲ.

"ನಿಮ್ಮ ಟೀವಿಯೋರಿಗೆ ನನ್ನ ನಾಲಿಗೆ ಆಗಲ್ವಲ್ಲ" ಎಂದಳು.

ಅವಳು ಮರೆತಿರಲಿಲ್ಲ, ನಾನೂ ಮರೆತಿರಲಿಲ್ಲ. ಎಪ್ಪತ್ತೊಂದರಲ್ಲಿ ಒಂದು ಹಳೆಯ ಚಾನೆಲ್ಲಿಗೆ ಅವಳು ಧ್ವನಿಪರೀಕ್ಷೆಗೆ ಹೋಗಿದ್ದಳು. ಹತ್ತು ವರ್ಷದ ನಾನು ಅವಳ ಕೈಚೀಲ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಹಾಡು ಮುಗಿದ ಮೇಲೆ ಒಳಗಿನಿಂದ ಒಬ್ಬ ಗಂಡಸಿನ ದನಿ ಬಂತು: ಕಂಠ ಚೆನ್ನಾಗಿದೆ, ನಾಲಿಗೆ ದಕ್ಷಿಣ ಸಮುದ್ರದ್ದು, ಇಂಥ ಮ್ಯಾಂಡರಿನ್ ಜನ ಕೇಳಬಾರದು. ಅಮ್ಮ ಇಂಡೋನೇಷ್ಯಾದ ಮೆದಾನಿನವಳು. ಅಲ್ಲಿನ ಚೀನೀ ಶಾಲೆಯಲ್ಲಿ ಕಲಿತ, ಅಲ್ಲಿನ ಬಿಸಿಲು ಹೀರಿದ ಮಾತು ಅವಳದು. ಅರವತ್ತನೆಯ ಇಸವಿಯಲ್ಲಿ ಹಡಗಿನ ಅಡುಗೆಯವನಾಗಿದ್ದ ನನ್ನ ಅಪ್ಪನನ್ನು ಕಟ್ಟಿಕೊಂಡು ಇಲ್ಲಿಗೆ ಬಂದವಳು ಮತ್ತೆ ಆ ಊರಿನ ಮುಖ ಕಂಡಿರಲಿಲ್ಲ.

"ಈ ಸಲ ಪರೀಕ್ಷೆ ಮಾಡೋಳು ನಾನಮ್ಮ" ಎಂದೆ. "ಪಾಸಾಗಿದ್ದೀಯ."

"ಓಹೋ! ಹೊಲಿಗೆ ಅಂಗಡಿಯೋಳು ಪಾಸಾದ್ಲಾ?"

ನನ್ನ ಮುಖದ ನೀರಿಳಿಯಿತು. ಅವಳಿಗೆ ಯಾರು ಹೇಳಿದ್ದರೋ! ಅವಳು ದಾರ ಕಚ್ಚಿ ತುಂಡರಿಸಿ, ಮೊದಲ ಸಲ ನನ್ನ ಕಡೆ ನೋಡಿದಳು. ಕೋಪವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ನಿನ್ನ ನಕ್ಷೇಲಿ ಮೆದಾನ್ ಇದೆಯಾ?" ಎಂದು ಕೇಳಿದಳು.

"ಗೆರೆ ಸರಿಯಾಗಿ ಅದರ ಮೇಲೇ ಹೋಗುತ್ತೆ. ಒಳಗಿದೆಯೋ ಹೊರಗಿದೆಯೋ ಎಂಜಿನಿಯರಿಗೇ ಗೊತ್ತಿಲ್ಲ. ದೊಡ್ಡ ಕಿವಿ ಇದ್ರೆ ಕಾಣಬಹುದಂತೆ."

"ಮೆದಾನಲ್ಲಿರೋ ಸೋ-ಹೂನ್ ಅಕ್ಕನ ಮಗ ಮನೆ ಹಿಂದೆ ಒಂದು ಹಾಕಿಸಿದ್ದಾನಂತೆ, ಬಾಣಲೆ ಥರ. ಮೂರು ಜನ ತೋಳು ಚಾಚಿದ್ರೂ ಸಿಗಲ್ಲವಂತೆ." ಅಮ್ಮ ಗೌನನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. "ಅಲ್ಲಿ ಈಗ ಬೀದೀಲಿ ವೇದಿಕೆ ಹಾಕೋ ಹಾಗಿಲ್ಲ ಬೀ. ಅರವತ್ತೇಳರಿಂದ ಇಲ್ಲ. ಸರ್ಕಾರದೋರು ಚೀನೀ ಶಾಲೆ ಮುಚ್ಚಿಸಿದ್ರು, ಚೀನೀ ಹಾಡು ನಿಂತೋಯ್ತು. ನಮ್ಮಪ್ಪ ನನ್ನ ಹಿಂದೆ ಕೂತು ಪಿಟೀಲು ಕುಯ್ಯೋರು. ಅವರು ಸತ್ತಾಗ ನಂಗೆ ಹೋಗೋಕಾಗ್ಲಿಲ್ಲ. ನನ್ನ ಹಾಡು ಅವರು ಕೊನೇದಾಗಿ ಕೇಳಿದ್ದು ಅರವತ್ತರಲ್ಲಿ."

ಆಮೇಲೆ ಬೆರಳು ಮಡಿಸುತ್ತ ತನ್ನ ಷರತ್ತು ಹೇಳತೊಡಗಿದಳು. "ಹದಿಮೂರನೇ ದಿನ ಮಧ್ಯಾಹ್ನ ನಮ್ಮ ಗುಡಿ ಅಂಗಳದಲ್ಲಿ ನನ್ನ ಪ್ರದರ್ಶನ ಇದೆ, ಕ್ಯಾಮೆರಾ ತಗೊಂಡು ಬನ್ನಿ. ನಾನು ನಿಮ್ಮ ಚಾನೆಲ್ಲಿಗೆ ಹಾಡಲ್ಲ, ಅಣ್ಣಂದಿರಿಗೆ ಹಾಡ್ತೀನಿ. ನೀವು ಪಕ್ಕದಲ್ಲಿ ನಿಂತು ನೋಡ್ಕೊಳ್ಳಿ. ನೀವು ಏನನ್ನೂ ಶುರು ಮಾಡ್ತಿಲ್ಲ, ತಿಳೀತಾ? ಶುರು ಮಾಡೋದು ಎಂಟನೇ ತಿಂಗಳಲ್ಲಿ ಮಾಡ್ಕೊಳ್ಳಿ. ಮೊದಲನೇ ಸಾಲು ಖಾಲಿ ಇರಬೇಕು. ನನ್ನ ಮಾತಲ್ಲಿ ಒಂದಕ್ಷರ ತಿದ್ದಬಾರದು."

ವೇಗೆ ಇದನ್ನು ಹೇಳಿದಾಗ ಅವನು ಕುರ್ಚಿಯಿಂದ ಎದ್ದು ನಿಂತ. "ಶುರು ಮಾಡ್ತಿಲ್ಲ! ಬರೀ ಹಾಡು! ನಮ್ಮ ಜಾಗ ನಮಗೆ, ಅಣ್ಣಂದಿರಿಗೂ ಸಂತೋಷ!" ಎಂದು ಪಂಚಾಂಗವನ್ನು ಎದೆಗವಚಿಕೊಂಡ. ಆ ಹಾಡುಗಾರ್ತಿ ನಿನಗೆ ಹೇಗೆ ಪರಿಚಯ ಎಂದು ಕೇಳಿದ. ನಮ್ಮೂರಿನವರು ಎಂದೆ. ಆಗಲೂ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ.

ಆಗಸ್ಟ್ ಮೂವತ್ತು, ಏಳನೆಯ ತಿಂಗಳ ಹದಿಮೂರು. ಗುಡಿಯ ಅಂಗಳದ ತುಂಬ ಮೇಜುಗಳು, ಅವುಗಳ ಮೇಲೆ ಅನ್ನ, ಹಂದಿಮಾಂಸ, ಅನಾನಸು, ನೂಡಲ್ ಪೊಟ್ಟಣಗಳ ಗೋಪುರ. ಒಂದು ಪಕ್ಕ ಬೋಗುಣಿಯಲ್ಲಿ ನೀರು, ಹೊಸ ಟವೆಲ್ಲು, ಬಾಚಣಿಗೆ. ದೂರದಿಂದ ಬಂದವರು ಕೈಕಾಲು ಮುಖ ತೊಳೆಯಬೇಕಲ್ಲ! ವೇದಿಕೆಯ ಎದುರಿನ ಮೊದಲ ಸಾಲಿನಲ್ಲಿ ಅಮ್ಮನೇ ಎಂಟು ಪ್ಲಾಸ್ಟಿಕ್ ಕುರ್ಚಿ ಹಾಕಿ, ಒಂದೊಂದರ ಮೇಲೂ ಒಂದು ಬೀಸಣಿಗೆ, ಸ್ಟ್ರಾ ಹಾಕಿದ ಒಂದು ಸೋಡಾ ಬಾಟಲಿ ಇಟ್ಟಳು. ಹೀಗೆ ಸಾಲು ಬಿಡುವುದು ಕೀಲುಂಗಿನ ಪದ್ಧತಿಯಲ್ಲ, ಮೆದಾನಿನಿಂದ ಅವಳು ತಂದದ್ದು. ಕೀಲುಂಗಿನವರು ಈಗ ಅದಕ್ಕೆ ‘ಸೋ-ಗೆಕ್ ಸಾಲು’ ಎನ್ನುತ್ತಾರೆ. ಆ ಸಾಲಿನಲ್ಲಿ ಚಿಕ್ಕ ಮಗುವೂ ಕೂರುವುದಿಲ್ಲ.

ಅಮ್ಮ ಎರಡನೆಯ ಹಾಡಿನಲ್ಲಿದ್ದಾಗ ವೇ ಒಬ್ಬ ದೊಡ್ಡ ಮನುಷ್ಯರನ್ನು ಕರೆತಂದ. ಔಯಂಗ್ ಎಂದು ಹೆಸರು, ಹಾಂಕಾಂಗಿನಲ್ಲಿದ್ದ ನಮ್ಮ ಪಾಲುದಾರರ ಕಡೆಯವರು. ಚಿಕ್ಕಂದಿನಿಂದ ಲಂಡನ್ನಿನಲ್ಲಿ ಓದಿದವರು, ತೆಳುಬಣ್ಣದ ಸೂಟು. ವೇ ಅವರಿಗೆ ಹಿಂದಿನ ಸಾಲು ತೋರಿಸುವಷ್ಟರಲ್ಲಿ, ದೊಡ್ಡ ಮನುಷ್ಯರಿಗೆಲ್ಲ ಇರುವ ಅಭ್ಯಾಸದಂತೆ ಅವರು ನೇರ ಮೊದಲ ಸಾಲಿಗೆ ನಡೆದು, ನಟ್ಟನಡುವಿನ ಕುರ್ಚಿಯ ಬೀಸಣಿಗೆ ಎತ್ತಿ ಬೀಸಿಕೊಳ್ಳುತ್ತ ಕೂತರು. ಕೂತು, ಸೋಡಾ ಬಾಟಲಿ ಎತ್ತಿ ಸ್ಟ್ರಾಗೆ ಬಾಯಿ ಹಚ್ಚಿದರು.

ಅಂಗಳದಲ್ಲಿದ್ದ ನಾನೂರು ಜನ ಒಟ್ಟಿಗೆ ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು. ವೇ ಅಲ್ಲೇ ಕಲ್ಲಾದ. ಅಮ್ಮ ಹಾಡು ನಿಲ್ಲಿಸಿ, ಕೈ ಎತ್ತಿ ವಾದ್ಯದವರನ್ನೂ ನಿಲ್ಲಿಸಿ, ವೇದಿಕೆಯ ಅಂಚಿಗೆ ಬಂದಳು.

"ಏನ್ ಸೂಟಿನ ಯಜಮಾನ್ರೇ, ಸೆಕೆ ಜಾಸ್ತಿ ಆಯ್ತಾ?"

ಔಯಂಗ್ ನಗುತ್ತ ಕೈಯೆತ್ತಿದರು.

"ಕುರ್ಚಿ ಮೆತ್ತಗಿದೆಯಾ?"

"ಪರವಾಗಿಲ್ಲ, ಚೆನ್ನಾಗಿದೆ."

"ಇರಲೇಬೇಕು. ನೀವು ಕೂತಿರೋದು ಕುರ್ಚಿ ಮೇಲಲ್ಲ, ಒಬ್ಬ ಹಿರಿಯರ ತೊಡೆ ಮೇಲೆ."

ಔಯಂಗರ ಬೀಸಣಿಗೆ ನಿಂತಿತು.

"ಏಳಬೇಡಿ, ಏಳಬೇಡಿ! ಕೂತಿದ್ದಕ್ಕೆ ಅವರೇನೂ ಅಂದ್ಕೊಳ್ಳಲ್ಲ. ವರ್ಷಕ್ಕೊಂದು ಸಲ ಬರೋರು, ಮೈಗೆ ಮೈ ತಾಕಿದ್ರೆ ಅವರಿಗೂ ಖುಷಿ. ಆದ್ರೆ ಸೋಡಾ ಕುಡಿದ್ರಲ್ಲ, ಅದಕ್ಕೆ ಮಾತ್ರ ಮನೆ ತನಕ ಬರ್ತಾರೆ!"

ಸೂಟಿನ ಮನುಷ್ಯ ಸ್ಟ್ರಾ ಕಚ್ಚಿಕೊಂಡೇ ಒಂದು ಮೊಳ ಮೇಲೆ ಹಾರಿದ. ಅಂಗಳಕ್ಕೆ ಅಂಗಳವೇ ಹೊಟ್ಟೆ ಹಿಡಿದುಕೊಂಡಿತು. ಗುಡಿಯ ಪೂಜಾರಿ ಕಂಬಕ್ಕೆ ಒರಗಿ ನಕ್ಕ. ನಮ್ಮ ಕ್ಯಾಮೆರಾದವನ ಭುಜ ಕುಲುಕುತ್ತಿತ್ತು, ಕ್ಯಾಮೆರಾ ಮಾತ್ರ ಅಲ್ಲಾಡಲಿಲ್ಲ. ಆ ಪುಣ್ಯಾತ್ಮನಿಗೆ ನಾನು ಇವತ್ತಿಗೂ ಋಣಿ. ಅಮ್ಮ ಆ ಮನುಷ್ಯನನ್ನು ಹಾಗೇ ಬಿಡಲಿಲ್ಲ. ಹೊಸ ಸೋಡಾ ತರಿಸಿ ಅವರ ಕೈಯಿಂದಲೇ ಕುರ್ಚಿಯ ಮೇಲೆ ಇಡಿಸಿ, ಮೂರು ಸಲ ಬಾಗಿಸಿ, ಕುರ್ಚಿಯ ಕಡೆ ಕಿವಿಯೊಡ್ಡಿ ಕೇಳಿಸಿಕೊಂಡವಳಂತೆ ತಲೆಯಾಡಿಸಿದಳು. "ಹೋಗ್ಲಿ ಬಿಡು, ಹುಡುಗ ಒಳ್ಳೆಯವನು ಅಂತಿದ್ದಾರೆ. ಇವರಿಗೊಂದು ಹಳೇ ಹಾಡು ಬೇಕಂತೆ" ಎಂದು ಹಾಡಿದಳು. ಹದಿನೆಂಟು ವರ್ಷ ನಾನು ಆ ಕಂಠದಿಂದ ತಪ್ಪಿಸಿಕೊಂಡು ಓಡಾಡಿದ್ದೆ. ಅವತ್ತು ಕ್ಯಾಮೆರಾದ ಪಕ್ಕ ನಿಂತು ಕೇಳಿದೆ. ಎಂಥ ಕಂಠ! ನಾನೆಂಥ ದಡ್ಡಿ!

ಮಾರನೆಯ ಬೆಳಿಗ್ಗೆ ಔಯಂಗ್ ಎಡಿಟಿಂಗ್ ಕೋಣೆಗೆ ಬಂದಾಗ ಅವರ ಮುಖದಲ್ಲಿ ನಗುವಿರಲಿಲ್ಲ.

"ಆ ಕುರ್ಚಿ ಭಾಗ ತೆಗೀರಿ. ಆಮೇಲೆ ಆ ಹೆಂಗಸಿನ ಮಾತಿಗೆ ಒಳ್ಳೇ ಬೀಜಿಂಗ್ ಧ್ವನಿ ಕೂರಿಸಿ. ಮೀನು ಮಾರ್ಕೆಟ್ಟಿನ ಮ್ಯಾಂಡರಿನ್ ಅದು. ಉಪಗ್ರಹದಲ್ಲಿ ಹೋಗೋ ಮಾತು ಹಾಗಿರಬಾರದು."

ಇಪ್ಪತ್ತೆರಡು ವರ್ಷದ ಹಿಂದೆ ಬೆಂಚಿನ ಮೇಲೆ ಕೂತು ಕೇಳಿದ ಮಾತೇ. ಆವತ್ತು ಕೈಚೀಲ ಹಿಡಿದು ಸುಮ್ಮನಿದ್ದೆ. ಈಗ ನನ್ನ ಕೈಯಲ್ಲಿದ್ದದ್ದು ಟೇಪು.

"ಒಂದಕ್ಷರಾನೂ ತಿದ್ದಲ್ಲ" ಎಂದೆ.

"ಯಾರು ಆ ಹೆಂಗಸು ಅಂತ ಇಷ್ಟು ಹಟ?"

"ಆ ಹೆಂಗಸು ನನ್ನ ಅಮ್ಮ."

ಕೋಣೆಯಲ್ಲಿದ್ದ ಅಷ್ಟೂ ಜನ ತಿರುಗಿ ನೋಡಿದರು. ವೇ ಮೆಲ್ಲಗೆ, "ಹೊಲಿಗೆ ಅಂಗಡಿ?" ಎಂದ.

"ಹೊಲೀತಾಳೆ. ತನ್ನ ಗೌನು ತಾನೇ ಹೊಲ್ಕೋತಾಳೆ."

ಅದನ್ನು ಹೇಳಿ ಮುಗಿಸಿದಾಗ ನನಗೆ ಅಳು ಬರಬೇಕಿತ್ತು, ಬಂದದ್ದು ನಗು. ಹನ್ನೆರಡು ವರ್ಷದ ಹೊರೆ ಒಂದೇ ಮಾತಿಗೆ ಇಳಿದುಹೋಗಿತ್ತು.

ವೇ ನನ್ನ ಕೈಯಿಂದ ಟೇಪು ತೆಗೆದುಕೊಂಡು, ಡ್ರಾಯರಿನಿಂದ ಒಂದು ಕತ್ತರಿಯನ್ನೂ ತೆಗೆದು, ಎರಡನ್ನೂ ಔಯಂಗರ ಮುಂದಿಟ್ಟ. "ಯಜಮಾನ್ರೇ, ಇದು ಅಣ್ಣಂದಿರಿಗೆ ಅಂತ ಹಾಡಿದ್ದು. ಅವರ ಎದುರಿಗೇ ಹಾಡಿದ್ದು. ಇದನ್ನ ಕತ್ತರಿಸೋ ಧೈರ್ಯ ನನಗಂತೂ ಇಲ್ಲ. ನಿಮಗಿದ್ರೆ ನೀವೇ ಕತ್ತರಿಸಿ. ಸೋಡಾ ವಿಷಯ ಬೇರೆ ಇನ್ನೂ ಬಾಕಿ ಇದೆ, ನೋಡ್ಕೊಳ್ಳಿ."

ಲಂಡನ್ನಿನ ಓದು ಕತ್ತರಿಯ ತನಕ ಬಂದು ನಿಂತಿತು. ಔಯಂಗ್ ಕೈ ಹಿಂದಕ್ಕೆ ತೆಗೆದುಕೊಂಡರು. "ಏನಾದ್ರೂ ಆದ್ರೆ ನಿಮ್ಮ ತಲೆ ಮೇಲೆ" ಎಂದು ಹೇಳಿ ಹೊರಟುಹೋದರು.

ಚಿತ್ರವನ್ನು ಮೇಲೆ ಕಳಿಸುವ ಕೇಂದ್ರ ಹಾಂಕಾಂಗಿನಲ್ಲಿದ್ದದ್ದರಿಂದ ಟೇಪು ವಿಮಾನದಲ್ಲೇ ಹೋಗಬೇಕಿತ್ತು. ಅಧಿಕ ಮಾಸ ಮರೆತ ಪಾಪಕ್ಕೆ ತಾನೇ ಒಯ್ಯುತ್ತೇನೆ ಎಂದು ವೇ ಹೊರಟ. ಸೆಪ್ಟೆಂಬರ್ ಒಂದರ ಮಧ್ಯಾಹ್ನ ಅವನ ಫೋನ್ ಬಂತು. "ಕಸ್ಟಮ್ಸಿನೋನು ಹಿಡ್ಕೊಂಡ್ಬಿಟ್ಟ ಬೀ-ಶ್ಯಾ! ಟೇಪಲ್ಲಿ ಏನಿದೆ, ಹಾಕಿ ತೋರ್ಸು ಅಂದ. ಅಣ್ಣಂದಿರ ಹಾಡು, ಇವತ್ತು ಸಂಜೆ ಏಳಕ್ಕೆ ಅವರಿಗೆ ಕೇಳಿಸ್ಬೇಕು, ಕಾಯ್ತಿದ್ದಾರೆ ಅಂದೆ. ಚೀಲ ಮುಟ್ಟದೆ ಸೀಲು ಒತ್ತಿ, ಬೇಗ ಹೋಗಿ ಸ್ವಾಮಿ ಅಂದ!"

ಸಂಜೆ ಆರೂವರೆಗೆ ಅಮ್ಮ ರೈಲಿನಲ್ಲಿ ಬಂದಳು. ಬಾಡು ಎಂಬ ಊರಿನ ಗುಡಿಯಲ್ಲಿ ಮಧ್ಯಾಹ್ನದ ಹಾಡು ಮುಗಿಸಿ ನೇರ ಬಂದದ್ದರಿಂದ ಕೆನ್ನೆಯ ಮೇಲೆ ಇನ್ನೂ ವೇದಿಕೆಯ ಬಣ್ಣವಿತ್ತು. ನಾನು ಅವಳ ಕೈ ಹಿಡಿದು ಒಬ್ಬೊಬ್ಬರ ಮುಂದೂ ನಿಲ್ಲಿಸಿ, "ಇವಳು ನನ್ನ ಅಮ್ಮ" ಎಂದೆ. ಹನ್ನೊಂದು ಸಲ ಹೇಳಿದೆ. ಅಮ್ಮ ನನ್ನ ಕಿವಿಯಲ್ಲಿ, "ಸಾಕು ಬಿಡೇ, ಹರಾಜು ಹಾಕ್ತಿದ್ದೀಯೇನು?" ಎಂದಳು. ಆದರೆ ಕೈ ಬಿಡಿಸಿಕೊಳ್ಳಲಿಲ್ಲ.

ಏಳಕ್ಕೆ ಐದು ನಿಮಿಷ. ಟೀವಿಯಲ್ಲಿ ಬರೀ ನೀಲಿ. ಏಳಾಯಿತು, ಆಗಲೂ ನೀಲಿ. ಯಾರೋ ತಾರಸಿಗೆ ಓಡಿ ಕಿವಿ ಸರಿಯಾಗಿದೆಯೇ ನೋಡಿ ಬಂದರು. ಏಳು ದಾಟಿ ಮುಕ್ಕಾಲು ನಿಮಿಷ. ಆ ಮುಕ್ಕಾಲು ನಿಮಿಷದಲ್ಲಿ ಹನ್ನೊಂದು ಸಂಸಾರಗಳನ್ನು ನಾನು ಬೀದಿಗೆ ತಂದ ಲೆಕ್ಕ ಹಾಕಿದೆ. ಆಮೇಲೆ ನೀಲಿ ಒಮ್ಮೆ ಕಂಪಿಸಿತು, ಅಮ್ಮನ ಮುಖ ಅಷ್ಟಗಲ ಬಂದು ನಿಂತಿತು.

"ಅಣ್ಣಂದಿರೇ, ಎಲ್ಲರ ಊಟ ಆಯ್ತಾ? ಇವತ್ತು ನಾವೇನೂ ಶುರು ಮಾಡ್ತಿಲ್ಲ. ಸುಮ್ನೆ ಹಾಡ್ತಿದ್ದೀವಿ, ಕೂತ್ಕೊಳ್ಳಿ" ಎಂದಳು, ಆಕಾಶದಿಂದ.

ನಮ್ಮವರು ಕಿರುಚಿದ ಕಿರುಚಿಗೆ ಕೆಳಗಿನ ನೂಡಲ್ ಅಂಗಡಿಯವನು ಮೇಲೆ ಓಡಿಬಂದ. ಅಮ್ಮ ಮಾತ್ರ ತೆರೆ ನೋಡುತ್ತ, "ಬಲಗಡೆ ಹುಬ್ಬು ಸ್ವಲ್ಪ ಜಾಸ್ತಿ ಎಳೆದಿದ್ದೀನಿ" ಎಂದಳು.

ತೆರೆಯ ಮೇಲೆ ಔಯಂಗ್ ಹಾರಿದ ಹದಿನೈದು ನಿಮಿಷಕ್ಕೆ, ತೆರೆಯಡಿ ನಂಬರು ಹಾಕಿದ್ದ ನಮ್ಮ ಮೂರು ಫೋನುಗಳೂ ಒಟ್ಟಿಗೆ ಬಡಿದುಕೊಳ್ಳತೊಡಗಿದವು. ಕಾವ್‌ಶ್ಯುಂಗ್‌ನಿಂದ, ಮನಿಲಾದಿಂದ. ಬ್ಯಾಂಕಾಕಿನ ಚಿನ್ನದಂಗಡಿಯವನೊಬ್ಬ ಗಿರಾಕಿಗಳನ್ನು ನಿಲ್ಲಿಸಿ ಎಲ್ಲರೂ ಇದನ್ನೇ ನೋಡುತ್ತಿದ್ದೇವೆ ಎಂದ. ರಂಗೂನಿನ ಅಜ್ಜಿಗೆ ಆ ಹಳೆಯ ಹಾಡು ಮತ್ತೊಮ್ಮೆ ಬೇಕಂತೆ. ಕಲ್ಕತ್ತದಲ್ಲಿ ಚೀನೀಯರು ಚರ್ಮ ಹದ ಮಾಡುವ ಬೀದಿಯಿಂದ ಒಬ್ಬ, ನಲವತ್ತು ಜನ ಒಂದೇ ಟೀವಿಯ ಮುಂದೆ ಕೂತಿದ್ದೇವೆ, ಸೂಟಿನವನು ನಿಜವಾಗಿ ಹಾರಿದ್ದೋ ನಾಟಕವೋ ಎಂದು ಕೇಳಿದ. ನಿಜ ಎಂದೆ. ಆ ಕಡೆ ನಲವತ್ತು ಜನ ನಕ್ಕದ್ದು ಸಮುದ್ರದ ಸದ್ದಿನ ಹಾಗೆ ಕೇಳಿಸಿತು. ಎಂಟೂವರೆಗೆ ಸ್ವತಃ ಔಯಂಗ್ ಫೋನ್ ಮಾಡಿದರು.

"ನನ್ನ ಅಮ್ಮ ಪಕ್ಕದಲ್ಲಿದ್ದಾರೆ" ಎಂದರು ತಗ್ಗಿದ ದನಿಯಲ್ಲಿ. "ಸೋಡಾ ಕುಡಿದಿದ್ದಕ್ಕೆ ನನಗೆ ಎರಡು ಬಿಟ್ಟರು. ಇಷ್ಟು ವರ್ಷದಲ್ಲಿ ಟೀವಿಯವರು ಆಡಿದ ಮ್ಯಾಂಡರಿನ್‌ನಲ್ಲಿ ಅವರಿಗೆ ಅರ್ಥ ಆದದ್ದು ಇದೊಂದೇ ಅಂತೆ. ಆ ಹೆಂಗಸು… ನಿಮ್ಮ ತಾಯಿಯವರು, ವಾರಕ್ಕೊಂದು ಸಲ ಬರ್ತಾರಾ ಅಂತ ಕೇಳ್ತಿದ್ದಾರೆ."

ನಾನು ಫೋನನ್ನು ಅಮ್ಮನ ಕಡೆ ಹಿಡಿದೆ. ಅವಳು ಬೇಡವೆಂದು ಕೈಯಾಡಿಸಿ, "ಎಂಟನೇ ತಿಂಗಳು ಒಳ್ಳೇ ದಿನ ನೋಡಿ ಹೇಳ್ತೀನಿ ಅನ್ನು" ಎಂದಳು.

ಒಂಬತ್ತು ದಾಟಿ ಎರಡು ನಿಮಿಷಕ್ಕೆ ಹಾಂಕಾಂಗಿನಿಂದ ವೇ ಕೂಗಿದ. ಎಂಜಿನಿಯರ್ ಕಾಗದಕ್ಕೆ ಸಹಿ ಹಾಕಿದ್ದಾನೆ, ಜಾಗ ನಮ್ಮದೇ! ನಮ್ಮವರು ಮೇಜು ಬಡಿದರು. ಮೂರು ಕೂಸುಗಳ ಅಪ್ಪಂದಿರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಆ ಗದ್ದಲದಲ್ಲಿ ಅಮ್ಮ ನಕ್ಷೆಯ ಕೆಳಗಿನ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದಳು. ಪ್ರತಿ ಫೋನ್ ಬಂದಾಗಲೂ ಅವಳು ತಲೆಯೆತ್ತುತ್ತಿದ್ದಳು, ಊರಿನ ಹೆಸರು ಕೇಳಿ ತಗ್ಗಿಸುತ್ತಿದ್ದಳು. ಅದನ್ನು ನೋಡಿ ನನ್ನ ಸಂತೋಷ ಅರ್ಧವಾಗಿತ್ತು.

ಒಂಬತ್ತೂಕಾಲಿಗೆ ಮೂಲೆಯ ಫೋನ್ ಬಡಿಯಿತು. ಗರಗರ ಸದ್ದು, ಅದರ ಹಿಂದೆ ಒಬ್ಬ ಮುದುಕಿಯ ದನಿ. ನಮ್ಮ ಮನೆಮಾತಿನಲ್ಲಿ, ಪಿಸುಗುಟ್ಟುವ ಹಾಗೆ: "ಗೆಕ್ ಇದ್ದಾಳಾ?"

ನಾನು ಫೋನನ್ನು ಅಮ್ಮನಿಗೆ ಕೊಟ್ಟು, ನನ್ನ ಕಿವಿಯನ್ನೂ ಅದಕ್ಕೆ ಒತ್ತಿ ನಿಂತೆ.

"ಅಕ್ಕಾ?"

"ನೀನು ಬಂದೆ ಕಣೇ ಗೆಕ್. ನಮ್ಮನೆಗೆ ಬಂದೆ. ಚೂರು ಮಳೆ ಹೊಡೆದ ಹಾಗೆ ಚುಕ್ಕೆ ಚುಕ್ಕೆಯಾಗಿ ಬಂದೆ, ಆದ್ರೂ ಬಂದೆ. ಕಿಟಕಿ ಮುಚ್ಕೊಂಡು, ಸದ್ದು ಸಣ್ಣಗೆ ಇಟ್ಕೊಂಡು ಹದಿನಾರು ಜನ ನೋಡಿದ್ವಿ. ನೀನು ಮೊದಲನೇ ಸಾಲು ಖಾಲಿ ಬಿಟ್ಟಿದ್ದೆ ನೋಡು, ಅದನ್ನ ಕಂಡಿದ್ದೇ ನಾನು ಎಲ್ಲರನ್ನೂ ಎಬ್ಬಿಸ್ದೆ. ಟೀವಿ ಮುಂದಿನ ಕುರ್ಚಿಯೆಲ್ಲ ಬಿಡಿಸಿ, ಹಿಂದೆ ನಿಂತ್ಕೊಂಡು ನೋಡಿದ್ವಿ. ಇಪ್ಪತ್ತಾರು ವರ್ಷ ಆಯ್ತಲ್ಲೇ, ಅವರನ್ನ ಕರೆದು ಕೂರಿಸಿ."

ಅಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದಳು. "ಅಪ್ಪ ಎಲ್ಲಿ ಕೂತ್ರು?"

"ಮಧ್ಯದಲ್ಲಿ. ಅವರ ಬೆತ್ತದ ಕುರ್ಚೀನೇ ತಂದು ಹಾಕ್ದೆ."

"ಏನಂದ್ರು?"

"ಏನಂತಾರೆ? ತಮಗೂ ಒಂದು ಸೋಡಾ ಕೊಡು ಅಂದ್ರು."

ಅಮ್ಮ ನಕ್ಕಳು. ನಗುತ್ತಲೇ ಕಣ್ಣೀರು ಧಾರೆಯಾಗಿ ಇಳಿದು ಕೆನ್ನೆಯ ಬಣ್ಣವನ್ನು ಕೊರಳಿಗೆ ಹರಿಸಿತು. ಅವಳು ಒರೆಸಿಕೊಳ್ಳಲಿಲ್ಲ. ಫೋನಿನ ಬಾಯಿಗೆ ಅಂಗೈ ಮುಚ್ಚಿ, ನಾನೂರು ಜನರ ಅಂಗಳಕ್ಕೆ ಕೇಳಿಸುವ ದನಿಯಲ್ಲಿ, ಆ ದಕ್ಷಿಣ ಸಮುದ್ರದ ಮ್ಯಾಂಡರಿನ್‌ನಲ್ಲಿ ಇಡೀ ಆಫೀಸಿಗೆ ಕೂಗಿದಳು:

"ಏ ಟೀವಿಯೋರೇ, ಮೆದಾನ್ ಗೆರೆ ಒಳಗಿದೆ! ಆ ನಕ್ಷೆ ತಿದ್ರೋ!"

ನಾನು ಕುರ್ಚಿ ಹತ್ತಿ ನಿಂತು, ಕೆಂಪು ಪೆನ್ನು ಹಿಡಿದು, ಗೆರೆಯನ್ನು ಮೆದಾನಿನ ಆಚೆಗೆ ಎಳೆದೆ.